ಒಲಿಂಪಿಯ ಸೊನ್ನಾರ್: ಒಂದು ಮಸೂರದ ಮೌಲ್ಯಮಾಪನ

ಕ್ಯಾಮೆರಾ ಹವ್ಯಾಸವುಳ್ಳ ನನ್ನ ಹಳೆಯ ವಿದ್ಯಾರ್ಥಿಗಳು ಮಸೂರದ ಯೋಗ್ಯತೆಯನ್ನು ಚಿತ್ರದ ಸ್ಪಷ್ಟತೆಯಿಂದ ಅಳೆಯುತ್ತಾರೆ. ಅದು ಸರಿಯೇ. ಆದರೆ ಇತಿಹಾಸಕ್ಕೆ ಇನ್ನೊಂದು ಅಳತೆಗೋಲೂ ಉಂಟು. 1936ರ ಬರ್ಲಿನ್ ಒಲಿಂಪಿಕ್ಸ್‌ಗಾಗಿ ಜರ್ಮನಿಯ ಜೈಸ್ ಸಂಸ್ಥೆ ತಯಾರಿಸಿದ, ‘ಒಲಿಂಪಿಯ ಸೊನ್ನಾರ್’ ಎಂದೇ ಪ್ರಸಿದ್ಧವಾದ ಟೆಲಿಫೋಟೊ ಮಸೂರವನ್ನು ಎರಡರಿಂದಲೂ ಅಳೆದು ನೋಡೋಣ.

ಇದರ ಸಂಗಮದೂರ 180 ಮಿಲಿಮೀಟರ್. ಸಾಮಾನ್ಯ 50 ಮಿಲಿಮೀಟರ್ ಮಸೂರಕ್ಕಿಂತ 3.6 ಪಟ್ಟು ದೊಡ್ಡ ಬಿಂಬವನ್ನು ಕೊಡುತ್ತದೆ. ದ್ಯುತಿರಂಧ್ರ ಎಫ್/2.8. ಪ್ರತಿಫಲನವನ್ನು ತಡೆಯುವ ಲೇಪನ ಆಗಿನ ಮಸೂರಗಳಿಗೆ ಇರಲಿಲ್ಲ. ಗಾಜು ಗಾಳಿಯನ್ನು ಸಂಧಿಸುವ ಪ್ರತಿಯೊಂದು ಮೇಲ್ಮೈಯಲ್ಲಿಯೂ ಶೇ. 4-5ರಷ್ಟು ಬೆಳಕು ನಷ್ಟವಾಗುತ್ತಿತ್ತು. ಐದು ಗಾಜುಗಳನ್ನು ಬಿಡಿಬಿಡಿಯಾಗಿ ಇರಿಸಿದರೆ ಹತ್ತು ಮೇಲ್ಮೈಗಳು. ಮೂರನೆಯ ಒಂದು ಪಾಲಿಗೂ ಮಿಗಿಲಾದ ಬೆಳಕು ವ್ಯರ್ಥ. ಲುಡ್ವಿಗ್ ಬೆರ್ಟೆಲೆ ರೂಪಿಸಿದ ಸೊನ್ನಾರ್ ಪದ್ಧತಿಯಲ್ಲಿ ಗಾಜುಗಳನ್ನು ಅಂಟಿಸಿ ಮೂರು ಗುಂಪುಗಳಾಗಿ ಮಾಡಿದ್ದರಿಂದ ಮೇಲ್ಮೈಗಳು ಆರಕ್ಕೆ ಇಳಿದವು, ನಷ್ಟ ಸುಮಾರು ಕಾಲು ಪಾಲಿಗೆ ಇಳಿಯಿತು.

ಫೋಕಸ್ ಮಾತ್ರ ಕೈಯಿಂದಲೇ. ದ್ಯುತಿರಂಧ್ರವನ್ನು ಪೂರ್ಣ ತೆರೆದಾಗ 10 ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಅರ್ಧ ಮೀಟರಿನಷ್ಟು. ಆ ಕೂಟದಲ್ಲಿ ಜೆಸ್ಸಿ ಓವೆನ್ಸ್ 100 ಮೀಟರನ್ನು 10.3 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ಅಂಥ ವೇಗದ ಓಟಗಾರ ಅರ್ಧ ಮೀಟರನ್ನು ದಾಟಲು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಸಾಕು! ಓಟಗಾರ ಬರಲಿರುವ ಜಾಗಕ್ಕೆ ಮೊದಲೇ ಫೋಕಸ್ ಮಾಡಿಟ್ಟು ಕಾಯುವುದೇ ಉಪಾಯ. ಮೊದಲನೆಯ ಅಳತೆಯಲ್ಲಿ ಈ ಮಸೂರ ಉತ್ತಮ ದರ್ಜೆಯಲ್ಲಿ ತೇರ್ಗಡೆಯಾಗುತ್ತದೆ. ಇದರ ಪರಿಷ್ಕೃತ ರೂಪಗಳು ಯುದ್ಧಾನಂತರವೂ ದಶಕಗಳ ಕಾಲ ಯೇನಾ ನಗರದಲ್ಲಿ ತಯಾರಾದವು.

ಎರಡನೆಯ ಅಳತೆಗೆ ಬರೋಣ. ಆ ಕೂಟವನ್ನು ನಾಜಿ ಸರ್ಕಾರ ತನ್ನ ಪ್ರಚಾರಕ್ಕೆ ಬಳಸಿಕೊಂಡಿತು. ಯಹೂದಿ ಯುವತಿ ಗ್ರೆಟೆಲ್ ಬರ್ಗ್‌ಮನ್ ಅದೇ ವರ್ಷದ ಜೂನ್‌ನಲ್ಲಿ 1.60 ಮೀಟರ್ ಎತ್ತರ ಜಿಗಿದು ಜರ್ಮನಿಯ ದಾಖಲೆಯನ್ನು ಸರಿಗಟ್ಟಿದ್ದರು. ಜುಲೈನಲ್ಲಿ, ಸಾಧನೆ ಸಾಲದೆಂಬ ನೆಪವೊಡ್ಡಿ ಅವರನ್ನು ತಂಡದಿಂದ ಕೈಬಿಡಲಾಯಿತು. ಬರ್ಲಿನ್ನಿನಲ್ಲಿ ಚಿನ್ನದ ಪದಕ ಸಂದದ್ದೂ 1.60 ಮೀಟರಿಗೇ! ಮುಂದೆ ಅಮೆರಿಕಕ್ಕೆ ವಲಸೆ ಹೋದ ಅವರ ದಾಖಲೆಗೆ ಜರ್ಮನಿಯಲ್ಲಿ ಮತ್ತೆ ಮನ್ನಣೆ ದೊರೆತದ್ದು 2009ರಲ್ಲಿ. ಅವರು 2017ರಲ್ಲಿ, 103ನೆಯ ವಯಸ್ಸಿನಲ್ಲಿ ನಿಧನರಾದರು.

ದೂರದ ಮುಖವನ್ನು ಸಮೀಪಕ್ಕೆ ತರಬಲ್ಲ ಮಸೂರವು ಕ್ರೀಡಾಂಗಣದೊಳಗೆ ಬರಗೊಡದವರ ಮುಖವನ್ನು ತೋರಿಸಲಾರದು. ಅದು ಗಾಜಿನ ದೋಷವಲ್ಲ. ಆದರೆ ಸ್ಪಷ್ಟವಾದ ಚಿತ್ರವನ್ನು ಕಂಡಾಗ ಅದರಲ್ಲಿ ಯಾರಿಲ್ಲವೆಂದು ವಿಚಾರಿಸುವುದು ಇತಿಹಾಸ ಓದಿದ ನಿಮ್ಮ ಹೊಣೆ.