ಲೈನ್‌ಮನೆಯ ಅಂಗಳದಲ್ಲಿ ಕ್ಷೇತ್ರಶಿಕ್ಷಣ: ಸಿದ್ದಾಪುರದ ಮದ್ಯವ್ಯಸನ ಮತ್ತು ವಿದ್ಯಾರ್ಥಿಯ ಕರ್ತವ್ಯ

ಸಮಾಜಕಾರ್ಯದ ವಿದ್ಯಾರ್ಥಿಯು ಪದವಿಯನ್ನು ಪಡೆಯುವ ಮುನ್ನ ಕಷ್ಟದಲ್ಲಿರುವ ಜನರ ನಡುವೆ ನಿಂತು, ಹಿರಿಯರ ಮೇಲ್ವಿಚಾರಣೆಯಲ್ಲಿ ಕಲಿಯತಕ್ಕದ್ದೆಂಬ ಪದ್ಧತಿಯು 1936ರಲ್ಲಿ ಮುಂಬಯಿಯ ಟಾಟಾ ಶಾಲೆಯೊಡನೆ ನಮ್ಮ ದೇಶದಲ್ಲಿ ಬೇರೂರಿ, 1960ರಲ್ಲಿ ಮಂಗಳೂರಿನ ರೋಶನಿ ನಿಲಯವೆಂಬ ಸಮಾಜಕಾರ್ಯ ಶಾಲೆಯ ಮೂಲಕ ಕೊಡಗಿನ ನೆರೆಗೂ ಬಂದಿತು. ಮಾನಸಿಕ ಚಿಕಿತ್ಸೆಯು ಆಸ್ಪತ್ರೆಯ ಗೋಡೆಯನ್ನು ದಾಟಿ ಹಳ್ಳಿಗೆ ಹೋಗಬಲ್ಲುದೆಂಬುದನ್ನು ನಿಮ್ಹಾನ್ಸ್ ಸಂಸ್ಥೆಯು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿಯೂ, ತರುವಾಯ ಬಳ್ಳಾರಿ ಜಿಲ್ಲೆಯಲ್ಲಿಯೂ ತೋರಿಸಿಕೊಟ್ಟಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಈ ಎರಡು ಧಾರೆಗಳು ಕೂಡುವಲ್ಲಿ, ಎಂದರೆ ವಿದ್ಯಾರ್ಥಿಯ ಶಿಕ್ಷಣವೂ ವ್ಯಸನಿಯ ಆರೈಕೆಯೂ ಒಂದೇ ಅಂಗಳದಲ್ಲಿ ನಡೆಯಬೇಕಾದಲ್ಲಿ, ಅದರ ಕಾಲವನ್ನೂ ಕ್ರಮವನ್ನೂ ಆ ನೆಲದ ದುಡಿಮೆಯನ್ನು ನೋಡಿ ಗೊತ್ತುಮಾಡತಕ್ಕದ್ದೆಂಬುದು ಈ ಲೇಖನದ ಪ್ರತಿಪಾದನೆ.

ಕೊಡಗಿನಲ್ಲಿ ಕಾವೇರಿಯ ದಡದಲ್ಲಿರುವ ಸಿದ್ದಾಪುರವು ಸುತ್ತಣ ಕಾಫಿತೋಟಗಳಿಗೆ ಪೇಟೆ. ಅರೇಬಿಕವು ನವೆಂಬರಿನಿಂದಲೂ ರೊಬಸ್ಟವು ಜನವರಿಯಿಂದಲೂ ಹಣ್ಣಾಗತೊಡಗಿದಂತೆ ಕೂಲಿಗಾರರ ಸಾಲುಮನೆಗಳಾದ ಲೈನ್‌ಮನೆಗಳು ತುಂಬುವುವು. ಯರವರ, ಜೇನುಕುರುಬರ ಕುಟುಂಬಗಳ ಮಗ್ಗುಲಲ್ಲಿಯೇ ತಮಿಳು, ಮಲೆಯಾಳ ಮಾತಾಡುವವರೂ ಈಚೆಗೆ ಅಸ್ಸಾಮಿನಿಂದ ಬಂದವರೂ ಒಲೆ ಹೂಡುವರು. ಕೊಯ್ಲಿನ ನಡುವೆ ಬಂದ ವಿದ್ಯಾರ್ಥಿಗೆ ಹಗಲಿನಲ್ಲಿ ಮನೆಯೊಳಗೆ ಯಾರೂ ದೊರೆಯರು. ಸಂಜೆಗೆ ಹೋಗೋಣವೆಂದರೆ ಕತ್ತಲಾಗುತ್ತಲೇ ತೋಟದ ದಾರಿಗಳು ಆನೆಗಳ ಪಾಲಾಗುವುವು. ಆದುದರಿಂದ ಸಂತೆಯ ದಿನವೂ, ಕೂಲಿ ಬಟವಾಡೆಯ ದಿನವೂ, ದುಡಿಮೆ ತೆಳುವಾಗುವ ಮಳೆಗಾಲವೂ ಈ ಶಿಕ್ಷಣಕ್ಕೆ ಕಾಲೇಜಿನ ವೇಳಾಪಟ್ಟಿಗಿಂತ ಮುಖ್ಯವಾದ ಕಾಲಗಳು. 2019ರ ಪ್ರವಾಹದಲ್ಲಿ ಕರಡಿಗೋಡು, ನೆಲ್ಲಿಹುದಿಕೇರಿಗಳ ನದೀತೀರದಲ್ಲಿ ಮನೆ ಕಳೆದುಕೊಂಡವರ ದುಃಖವನ್ನು ಕುಡಿತದ ಲೆಕ್ಕದಿಂದ ಬೇರ್ಪಡಿಸಿ ಬರೆದುಕೊಳ್ಳುವುದು ನನಗೆ ಯುಕ್ತವೆಂದು ತೋರುವುದಿಲ್ಲ.

ಆ ಲೆಕ್ಕವಾದರೂ ಸುಲಭವಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷಿದ್ಧವಾದ ಮೇಲೆ ಕೂಲಿಯವನ ಕೈಗೆ ಬಂದುದು ಅಗ್ಗದ ವಿಸ್ಕಿ, ಬ್ರಾಂದಿಗಳ 90 ಮಿ.ಲೀ. ಪೊಟ್ಟಣ. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ‘ಆಡಿಟ್’ ಪರೀಕ್ಷೆಯು 10 ಗ್ರಾಂ ಮದ್ಯಸಾರವನ್ನು ಒಂದು ಪಾನವೆಂದು ಎಣಿಸುವುದು, ಶೇಕಡ 42.8 ತೀಕ್ಷ್ಣತೆಯ 90 ಮಿ.ಲೀ. ಮದ್ಯದಲ್ಲಿರುವುದೋ ಸುಮಾರು 30 ಗ್ರಾಂ. ‘ದಿನಕ್ಕೆ ಎರಡೇ ಪ್ಯಾಕೆಟ್’ ಎಂದವನನ್ನು ಎರಡು ಪಾನದವನೆಂದು ಬರೆದುಕೊಳ್ಳುವ ವಿದ್ಯಾರ್ಥಿಯು ಆರನ್ನು ಎರಡಾಗಿಸಿ, ವೈದ್ಯರ ನೆರವು ಬೇಕಾದವನನ್ನು ಬರಿಯ ಬುದ್ಧಿಮಾತಿನೊಡನೆ ಹಿಂದಕ್ಕೆ ಕಳುಹಿಬಿಟ್ಟಾನು. ‘ಕುಡಿಯುವಿರಾ’ ಎಂಬ ಪ್ರಶ್ನೆಗಿಂತ, ಮೊದಲನೆಯ ಪೊಟ್ಟಣವನ್ನು ಒಡೆಯುವುದು ಎಷ್ಟು ಹೊತ್ತಿಗೆ, ಬೆಳಗ್ಗೆ ಕೈ ನಡುಗುವುದುಂಟೇ ಎಂಬ ಪ್ರಶ್ನೆಗಳೇ ಇಲ್ಲಿ ಹೆಚ್ಚು ಸತ್ಯವನ್ನು ಹೊರಡಿಸುವುವು.

ಇನ್ನೊಂದು ವಿಷಯವು ಪ್ರಾಣಕ್ಕೇ ಸಂಬಂಧಿಸಿದುದು. ಬಹುಕಾಲ ಅತಿಯಾಗಿ ಕುಡಿದವನು ಯಾರದೋ ಉಪದೇಶಕ್ಕೆ ಮಣಿದು ಒಮ್ಮೆಗೇ ಬಿಟ್ಟರೆ, ಮೊದಲೆರಡು ದಿನಗಳಲ್ಲಿ ಸೆಳವು ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ನಡುಕ, ಬೆವರು, ಇಲ್ಲದುದನ್ನು ಕಾಣುವ ಭ್ರಾಂತಿ ಕಾಣಿಸಿಕೊಂಡು, ಚಿಕಿತ್ಸೆ ಸಿಗದಿದ್ದಲ್ಲಿ ಮರಣವೂ ಸಂಭವಿಸಬಹುದು. ಆ ಭ್ರಾಂತಿಯನ್ನು ಮನೆಯವರು ದೆವ್ವದ ಚೇಷ್ಟೆಯೆಂದು ಭಾವಿಸಿದರೆ ಅವರನ್ನು ಹಳಿಯಲಾಗದು. ಆದರೆ ಹತ್ತಿರವಿದ್ದ ವಿದ್ಯಾರ್ಥಿಗೂ ಅದು ತಿಳಿಯದಿದ್ದರೆ ಅವನನ್ನು ಕಳುಹಿಸಿದ ಶಿಕ್ಷಣವು ದೋಷಯುಕ್ತವೆನ್ನಲೇಬೇಕು. ಥಯಾಮಿನ್ ಎಂಬ ಜೀವಸತ್ವವನ್ನು ಏಕೆ ಕೊಡುವರು, ಯಾರನ್ನು ತಡಮಾಡದೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕು ಎಂಬುದನ್ನು ಮೊದಲ ವಾರದಲ್ಲಿಯೇ ಕಲಿಸತಕ್ಕದ್ದು.

ಗೋಪ್ಯತೆಯ ಪಾಲನೆಯನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ವಿಧಿಸಿದೆ. ಆದರೆ ಒಂದೇ ಗೋಡೆಯನ್ನು ಎರಡು ಸಂಸಾರಗಳು ಹಂಚಿಕೊಂಡಿರುವಲ್ಲಿ, ಕೆಲಸ ಹೋದರೆ ಮನೆಯೂ ಹೋಗುವಲ್ಲಿ, ತೋಟದ ಜೀಪಿನಲ್ಲಿ ಬಂದಿಳಿದ ವಿದ್ಯಾರ್ಥಿಯು ಎಷ್ಟೇ ಸಜ್ಜನನಾಗಿರಲಿ, ಧಣಿಯ ಕಡೆಯವನೆಂದೇ ಎಣಿಸಲ್ಪಡುವನು. ತೋಟದ ಲೆಕ್ಕ ಬರೆಯುವ ರೈಟರ ಮುಂದೆ ಗಂಡನ ಕುಡಿತದ ಮಾತನ್ನು ಯಾವ ಹೆಂಗಸೂ ಎತ್ತಳು. ಆಶಾ ಕಾರ್ಯಕರ್ತೆಯೊಡನೆ ನಡೆದುಹೋದರೆ ಅದೇ ಬಾಗಿಲು ಬೇರೊಂದು ರೀತಿಯಲ್ಲಿ ತೆರೆದೀತು.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು ಮದ್ಯವರ್ಜನ ಶಿಬಿರಗಳ ತರುವಾಯ ನವಜೀವನ ಸಮಿತಿಗಳನ್ನು ಕಟ್ಟಿ ಪಾನಮುಕ್ತರನ್ನು ಒಟ್ಟಿಗಿರಿಸುತ್ತ ಬಂದಿರುವುದರಲ್ಲಿ ನಮ್ಮ ವಿಶ್ವವಿದ್ಯಾಲಯಗಳಿಗೆ ಪಾಠವಿದೆ. ಕೆಲವೇ ವಾರಗಳ ತರಬೇತಿಯು, ಮನೆಯವರು ಬಾಯಿಬಿಡತೊಡಗುವ ಹೊತ್ತಿಗೇ ಮುಗಿದುಹೋಗುವುದು. ಹೊಸ ತಂಡವು ಬೇರೊಂದು ಊರಿಗೆ ಹೋಗುವುದು. ಇದರ ಬದಲು ವರ್ಷವರ್ಷವೂ ಅದೇ ಲೈನುಗಳಿಗೆ ತಂಡಗಳನ್ನು ಕಳುಹಿಸಿ, ಹಳೆಯ ತಂಡವು ಹೊರಡುವ ಮುನ್ನ ಹೊಸಬರನ್ನು ಮನೆಮನೆಗೆ ತಾನೇ ಕರೆದೊಯ್ದು ಪರಿಚಯಿಸುವಂತೆಯೂ, ಮನೆಯವರ ಒಪ್ಪಿಗೆಯಿಂದ ಬರೆದ ದಾಖಲೆಯು ವಿದ್ಯಾರ್ಥಿಯ ಚೀಲಕ್ಕೆ ಸೇರದೆ ಆರೋಗ್ಯಕೇಂದ್ರದಲ್ಲಿಯೇ ಉಳಿಯುವಂತೆಯೂ ಏರ್ಪಡಿಸತಕ್ಕದ್ದು. ತಂಡಗಳ ನಡುವಣ ತಿಂಗಳುಗಳಿಗಾಗಿ, ಮಾನಸಿಕ ಆರೋಗ್ಯದ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416 ಎಂಬ ಸಂಖ್ಯೆಯನ್ನು ಮನೆಯಾಕೆಯ ಮೊಬೈಲಿನಲ್ಲಿ ಅವಳ ಕೈಯಿಂದಲೇ ಒಮ್ಮೆ ಒತ್ತಿಸಿ, ಮಾತಾಡಿಸಿ ನೋಡತಕ್ಕದ್ದು.