ಬದ್ರ್‌ಗೆ ಹೋಗದೆಯೂ ಪಾಲು ಪಡೆದವರು

ಒಬ್ಬರು ಕೆಲವು ವಾರ ಜುಮುಅಗೆ ಕಾಣಿಸದಿದ್ದರೆ ಮಸೀದಿಯ ಬಾಗಿಲಲ್ಲೇ ಮಾತು ಹುಟ್ಟುತ್ತದೆ: 'ಇತ್ತೀಚೆಗೆ ಅವರು ನಮಾಝ್‌ಗೇ ಬರುತ್ತಿಲ್ಲ.' ಅವರ ಪತ್ನಿ ವಾಸಿಯಾಗದ ಕಾಯಿಲೆಯಿಂದ ಮಲಗಿದ್ದಾರೆ, ಮಗ್ಗುಲು ಬದಲಿಸಲು ಇನ್ನೊಬ್ಬರಿಲ್ಲ ಎಂಬುದು ನಮಗೆ ತಿಳಿಯುವುದು ತಡವಾಗಿ. ಕೆಲವೊಮ್ಮೆ ಜನಾಝದ ದಿನ. ಇಂತಹ ಮನೆಯ ಬಗ್ಗೆ ನಮ್ಮ ಇತಿಹಾಸ ಏನು ಕಲಿಸುತ್ತದೆ?

ಹಿಜರಿ 2ರ ರಮಝಾನ್, ಕ್ರಿ.ಶ. 624. ಪ್ರವಾದಿವರ್ಯರು(ಸ) ಬದ್ರ್‌ಗೆ ಹೊರಟಾಗ ಪುತ್ರಿ ಹಝ್ರತ್ ರುಕಯ್ಯ(ರ) ತೀವ್ರ ಅಸ್ವಸ್ಥರಾಗಿದ್ದರು. ಹೊರಟವರು ಮುನ್ನೂರಕ್ಕೆ ಸ್ವಲ್ಪ ಹೆಚ್ಚು ಮಂದಿ ಅಷ್ಟೇ. ಆದರೂ ಪತಿ ಹಝ್ರತ್ ಉಸ್ಮಾನ್(ರ)ರಿಗೆ ಪತ್ನಿಯ ಬಳಿಯೇ ಇರುವಂತೆ ಪ್ರವಾದಿವರ್ಯರು(ಸ) ಸೂಚಿಸಿದರು. ಅವರನ್ನು ಒಂಟಿಯಾಗಿಯೂ ಬಿಡಲಿಲ್ಲ; ಬಾಲಕ ಉಸಾಮ(ರ)ರನ್ನು ಜೊತೆಗಿರಿಸಿದರು. ರುಕಯ್ಯ(ರ) ಬದುಕಲಿಲ್ಲ. ಅವರ ಕಬರ್‌ಗೆ ಮಣ್ಣು ಹಾಕುವ ಹೊತ್ತಿಗೆ ಉಸಾಮರ ತಂದೆ ಝೈದ್(ರ) ವಿಜಯದ ಸುದ್ದಿ ತಂದರು. ಬದ್ರ್‌ನಲ್ಲಿ ಭಾಗವಹಿಸಿದವರಿಗೆ ಸಿಕ್ಕ ಪ್ರತಿಫಲವೂ ಪಾಲೂ ಉಸ್ಮಾನರಿಗೂ ಇದೆ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದರು. ರೋಗಿಯ ಬಳಿ ಕುಳಿತವನನ್ನು ಗೈರುಹಾಜರಿಯೆಂದು ಎಣಿಸಲಿಲ್ಲ.

ಆದರೂ ವರ್ಷಗಳ ನಂತರ ಈಜಿಪ್ಟಿನವನೊಬ್ಬ ಇದನ್ನೇ ಉಸ್ಮಾನರ ವಿರುದ್ಧ ಆಕ್ಷೇಪವಾಗಿ ಎತ್ತಿದ. ಆಗ ನಡೆದುದನ್ನು ಬಿಡಿಸಿ ಹೇಳಿ ಅವನನ್ನು ತಿದ್ದಿದವರು ಹಝ್ರತ್ ಇಬ್ನು ಉಮರ್(ರ). ಇದೇ ಇಬ್ನು ಉಮರ್(ರ), ಒಂದು ಶುಕ್ರವಾರ ಹಝ್ರತ್ ಸಈದ್ ಬಿನ್ ಝೈದ್(ರ) ಅಸ್ವಸ್ಥರೆಂದು ಕೇಳಿ ಜುಮುಅ ಬಿಟ್ಟು ಅವರ ಬಳಿಗೆ ಧಾವಿಸಿದರು. ಎರಡೂ ವಿಷಯಗಳನ್ನು ಸಹೀಹ್ ಬುಖಾರಿಯಲ್ಲಿ ಕಾಣಬಹುದು.

ಪತ್ನಿಯರ ಶ್ರಮವನ್ನೂ ಮರೆಯಬಾರದು. ಹಿಜರಿ 13ರಲ್ಲಿ ಹಝ್ರತ್ ಅಬೂಬಕರ್(ರ) ನಿಧನರಾದಾಗ ಅವರಿಗೆ ಗುಸ್ಲ್ ಮಾಡಿಸಿದವರು ಪತ್ನಿ ಅಸ್ಮಾ ಬಿಂತಿ ಉಮೈಸ್(ರ). ಬಳಿಕ ಅವರು ಹೊರಗೆ ಬಂದು ಅಲ್ಲಿದ್ದ ಮುಹಾಜಿರರನ್ನು ಕೇಳಿದರು: ನಾನು ಉಪವಾಸದಲ್ಲಿದ್ದೇನೆ, ಚಳಿಯೂ ಬಹಳ, ನಾನೂ ಸ್ನಾನ ಮಾಡಲೇಬೇಕೇ? ಅವರು ಬೇಡವೆಂದರು. ದಣಿದವರ ಮೇಲೆ ಇನ್ನೊಂದು ಹೊರೆ ಹೊರಿಸಲಿಲ್ಲ.

ನಮ್ಮ ನೆಲದಲ್ಲೂ ನೆನೆಯಬೇಕಾದ ಒಂದು ಮಾತಿದೆ. ಹಂಪಿಯಲ್ಲಿ, ಎರಡನೇ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ನಿಂತಿದೆ. ಅರಸನಿಗೆ ಪುಣ್ಯವಾಗಲೆಂದು ಕಟ್ಟಿಸಿದ ಆ ಕಟ್ಟಡವನ್ನು ಶಾಸನ ಕರೆದಿರುವುದು ಧರ್ಮಸಾಲೆ ಎಂದು. ಧರ್ಮಸಾಲೆ ಎಂದರೆ ದಣಿದು ಬಂದವರಿಗೆ ನೆರಳು. ಬರಲಾರದವರ ಮನೆಗೆ ಆ ನೆರಳನ್ನು ತಲುಪಿಸುವುದು ಇಂದಿನ ನಮ್ಮ ಜಮಾಅತ್‌ಗಳ ಕೆಲಸ.

ಕ್ಯಾನ್ಸರ್‌ನಂತಹ ಕಾಯಿಲೆಗೆ ನಮ್ಮವರು ಬಳ್ಳಾರಿಗೆ ಹೋಗುತ್ತಾರೆ, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೂ ಹೋಗುತ್ತಾರೆ. 'ಇನ್ನು ಮನೆಗೆ ಕರೆದುಕೊಂಡು ಹೋಗಿ' ಎಂದು ವೈದ್ಯರು ಹೇಳಿದ ಮೇಲೆ ಉಳಿಯುವುದು ಮನೆ ಮತ್ತು ಮೊಹಲ್ಲಾ. ಸಂಡೂರಿನಲ್ಲಿ ಗಣಿಯ ಪಾಳಿಗೆ ಹೋಗಲೇಬೇಕಾದ ಗಂಡನ ಬದಲು ಆ ಹೊತ್ತು ಯಾರು ಕೂರುತ್ತಾರೆ? ಕಂಪ್ಲಿಯಲ್ಲಿ ಗದ್ದೆ ಕೆಲಸದ ದಿನ ಆ ಮನೆಯ ಮಕ್ಕಳಿಗೆ ಬುತ್ತಿ ಯಾರು ಕಟ್ಟುತ್ತಾರೆ? ಹೊಸಪೇಟೆಯಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದ ಹೆಂಡತಿ ಎರಡು ಗಂಟೆ ಕಣ್ಣು ಮುಚ್ಚಲು ಯಾವ ಅಕ್ಕ ಬಂದು ಕೂರುತ್ತಾಳೆ?

ಔಷಧ ಕೊಡಲಾಗದ ಸಮಾಧಾನವನ್ನು ಬಾಗಿಲು ತಟ್ಟಿ ಬಂದ ನೆರೆಯವರು ಕೊಡಬಲ್ಲರು. ಈ ಶುಕ್ರವಾರ ಸಫ್‌ನಲ್ಲಿ ಯಾರ ಜಾಗ ಖಾಲಿಯಿದೆ ಎಂದು ನೋಡೋಣ. ಆದರೆ ದೂರಲು ಅಲ್ಲ; ಅವರ ಮನೆಯ ದಾರಿ ಹಿಡಿಯಲು. ಉಸ್ಮಾನರ ಬಳಿ ಒಬ್ಬ ಉಸಾಮ ಇದ್ದರು. ಇಂದು ಆ ಜಾಗದಲ್ಲಿ ನಾವಿರೋಣ. ಅಲ್ಲಾಹನು ಎಲ್ಲ ರೋಗಿಗಳ ನೋವನ್ನು ಹಗುರಗೊಳಿಸಲಿ, ಅವರನ್ನು ನೋಡಿಕೊಳ್ಳುವವರಿಗೆ ಸಹನೆಯನ್ನೂ ನಮಗೆ ತೌಫೀಕನ್ನೂ ಕರುಣಿಸಲಿ. ಆಮೀನ್.