ಅಂತರಗಂಗೆಗೆ ಇನ್ನೆಷ್ಟು ಸಲ ದುಡ್ಡು?

ನಾನಿರೋದು ದಹಿಸರ್‌ನಲ್ಲಿ. ನಮ್ಮ ಕನ್ನಡದವರು ಬಹಳ ಜನ ಪೊವೈ ಕಡೆ ಆಫೀಸುಗಳಲ್ಲಿದ್ದೀರಿ. 1891ರಲ್ಲಿ ನೀರಿಗಾಗಿ ಕಟ್ಟಿದ ಪೊವೈ ಕೆರೆಯ ಮೇಲೆ ಹಸಿರು ಚಾಪೆ ಹಾಸಿದ ಹಾಗೆ ಕಾಣುತ್ತಲ್ಲ, ಅದೇ ಅಂತರಗಂಗೆ. ಇಲ್ಲಿಯವರು ಜಲಪರ್ಣಿ ಅಂತಾರೆ. ಮುಂಬೈ ಪಾಲಿಕೆ ಗುತ್ತಿಗೆ ಕೊಡುತ್ತೆ, ಯಂತ್ರ ಬಂದು ತೆಗೆಯುತ್ತೆ, ಮತ್ತೆ ಬೆಳೆಯುತ್ತೆ. ಈ ಕಳೆಯ ಜೊತೆ ನಮ್ಮ ಸರ್ಕಾರಗಳು ಗುದ್ದಾಡಲು ಶುರು ಮಾಡಿ ನೂರು ವರ್ಷ ದಾಟಿದೆ.

ದಕ್ಷಿಣ ಅಮೆರಿಕದ ಈ ಗಿಡ 19ನೇ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ಬಂದದ್ದು ಚೆಂದದ ಹೂವಿಗಾಗಿ. ದೋಣಿ ಹೋಗದಂತೆ ಕಾಲುವೆ ಕಟ್ಟಿಕೊಂಡಾಗ, 1921ರಲ್ಲಿ ಜಗದೀಶಚಂದ್ರ ಬೋಸ್ ಅಧ್ಯಕ್ಷತೆಯಲ್ಲಿ ಸಮಿತಿ ಆಯಿತು. 1936ರಲ್ಲಿ ಕಾನೂನೇ ಬಂತು: ಅವರವರ ಜಮೀನಿನ ಕಳೆ ತೆಗೆಯುವುದು ಅವರವರ ಹೊಣೆ. 1937ರ ಚುನಾವಣೆಯಲ್ಲಿ ಇದು ಪಕ್ಷಗಳ ಭರವಸೆಯೂ ಆಯಿತು. ಆದೇಶ ಸರ್ಕಾರದ್ದು, ಬೆವರು ರೈತನದ್ದು.

ಇದಕ್ಕಿಂತ ಬೇರೆ ದಾರಿ ಹಿಡಿದದ್ದು ನಮ್ಮ ಬೆಂಗಳೂರು. 1980ರ ದಶಕದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಈ ಗಿಡವನ್ನೇ ತಿಂದು ಬದುಕುವ ಮೂತಿಹುಳುಗಳನ್ನು ಹೊರದೇಶದಿಂದ ತರಿಸಿದರು. ನಮ್ಮ ಬೆಳೆಗಳನ್ನು ಮುಟ್ಟುವುದಿಲ್ಲ ಎಂದು ಪರೀಕ್ಷಿಸಿ, ಸಾಕಿ, ಕೆರೆಗಳಿಗೆ ಬಿಟ್ಟರು. ಬೆಂಗಳೂರಿನ ಕೆಲವು ಕೆರೆಗಳಲ್ಲಿ ಕೆಲವೇ ವರ್ಷಗಳಲ್ಲಿ ಕಳೆ ಇಳಿಯಿತು. ಒಮ್ಮೆ ಹುಳು ನೆಲೆಯೂರಿದರೆ ಅದಕ್ಕೆ ಸಂಬಳ ಕೊಡಬೇಕಿಲ್ಲ, ನೋಡಿ!

ಹಾಗಾದ್ರೆ ಬೆಳ್ಳಂದೂರು ಯಾಕೆ ಹೀಗಿದೆ? ಕಾರಣ ಕೊಳಚೆ ನೀರು. ಅದರಲ್ಲಿರುವ ಸಾರಜನಕ, ರಂಜಕ ಈ ಗಿಡಕ್ಕೆ ಗೊಬ್ಬರ. ಅನುಕೂಲ ಸಿಕ್ಕರೆ ಎರಡೇ ವಾರದಲ್ಲಿ ದುಪ್ಪಟ್ಟಾಗುತ್ತೆ; ಅಷ್ಟು ಬೇಗ ಹುಳು ತಿನ್ನಲಾರದು. ಯಂತ್ರದಿಂದ ಬಾಚಿದರೆ ಗಿಡದ ಜೊತೆ ಹುಳುವೂ ಹೋಗುತ್ತೆ, ಬೀಜ ಮಾತ್ರ ಕೆಸರಲ್ಲಿ ವರ್ಷಗಟ್ಟಲೆ ಕಾಯುತ್ತೆ. ಇನ್ನೊಂದು ವಿಷಯ: ಈ ಗಿಡದ ತೂಕದಲ್ಲಿ ಶೇ 90ಕ್ಕಿಂತ ಹೆಚ್ಚು ಬರೀ ನೀರು. ಟನ್ ಲೆಕ್ಕದಲ್ಲಿ ಬಿಲ್ ಕೊಟ್ಟರೆ ನಾವು ಕೊಡೋದು ಹೆಚ್ಚಾಗಿ ನೀರು ಹೊತ್ತಿದ್ದಕ್ಕೆ. ನಮ್ಮ ಆಫೀಸ್ ಭಾಷೆಯಲ್ಲಿ, ಟಿಕೆಟ್ ಕ್ಲೋಸ್ ಆಯ್ತು, ಬಗ್ ಹಾಗೇ ಇದೆ.

2018ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಳ್ಳಂದೂರು, ಅಗರ, ವರ್ತೂರು ಕೆರೆಗಳಿಗೆಂದು ಕರ್ನಾಟಕ ಸರ್ಕಾರ 500 ಕೋಟಿ ರೂಪಾಯಿ ಪ್ರತ್ಯೇಕ ಖಾತೆಯಲ್ಲಿ ಇಡಬೇಕೆಂದು ಹೇಳಿತು. ಈ ಆದೇಶದಲ್ಲಿ ನನಗೆ ಮುಖ್ಯ ಅನಿಸೋದು ಮೊತ್ತಕ್ಕಿಂತ ಅದನ್ನು ಬೇರೆ ಇಡಿ ಅಂದದ್ದು. ಕಳೆ ಕಣ್ಣಿಗೆ ಕಾಣುತ್ತೆ, ತೆಗೆದರೆ ಫೋಟೋ ಬರುತ್ತೆ. ನೆಲದಡಿಯ ಒಳಚರಂಡಿ ಪೈಪಿನ ಫೋಟೋ ಯಾರು ಹಾಕ್ತಾರೆ? ಆದ್ದರಿಂದ ಅದರ ದುಡ್ಡು ಎತ್ತಿಡದಿದ್ದರೆ ಕರಗಿಹೋಗುತ್ತೆ.

ಮುಂಬೈ ಆಗಲಿ ಬೆಂಗಳೂರಾಗಲಿ, ಮುಂದಿನ ಸಲ ನಿಮ್ಮ ವಾರ್ಡಿನವರು ಕೆರೆ ಸ್ವಚ್ಛತೆಗೆ ಇಷ್ಟು ಕೋಟಿ ಅಂದರೆ ಒಂದೇ ಪ್ರಶ್ನೆ ಕೇಳಿ: ಅದರಲ್ಲಿ ಕಳೆ ಕೀಳೋಕೆಷ್ಟು, ಕೊಳಚೆ ನಿಲ್ಲಿಸೋಕೆಷ್ಟು?